ಮೊದಲ ಗುಂಡಿಯ ಶಾಬಾಶ್

ಶನಿವಾರ, ಅರ್ಧ ದಿನದ ಶಾಲೆ ಬಿಟ್ಟಾಗಿತ್ತು. ದೋರನಹಳ್ಳಿಯ ಆ ಶಾಲೆಯ ಆಫೀಸು ಕೋಣೆಯಲ್ಲಿ ನಾನೊಬ್ಬಳೇ ಕಂಪ್ಯೂಟರಿನ ಮುಂದೆ ಕೂತಿದ್ದೆ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಿತ್ತು. ಅದು ಬಲತುದಿ ಮುಟ್ಟಿದರೆ ಮೇಜಿನ ಮೇಲಿದ್ದ ಅಂಗೈಯಗಲದ ಬೋರ್ಡಿಗೆ ಹೊಸ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ಆದೇಶಗಳು, ಪೂರ್ತಿ ಸೇರಿದಂತೆ. ಹೊರಗೆ ಬೇವಿನ ನೆರಳು ಅಲ್ಲಾಡುತ್ತಿತ್ತು, ನನಗೆ ಸಣ್ಣಗೆ ತೂಕಡಿಕೆ ಬರುತ್ತಿತ್ತು. ಪಟ್ಟಿ ಮುಕ್ಕಾಲು ದಾಟಿದಾಗ ತಲೆಯ ಮೇಲಿನ ಫ್ಯಾನು ಒಮ್ಮೆ ತಡವರಿಸಿ ಮತ್ತೆ ತಿರುಗತೊಡಗಿತು. ಕಣ್ಣು ಇಳಿಸಿ ನೋಡಿದರೆ ಪರದೆ ಕಪ್ಪಾಗಿತ್ತು.

ಆ ಭಾಗದಲ್ಲಿ ಹನ್ನೆರಡಕ್ಕೆ ಹೊಲದ ಮೋಟರುಗಳಿಗೆ ತ್ರೀ ಫೇಸ್ ಕರೆಂಟು ಬಿಡುತ್ತಾರೆ. ಬಿಡುವಾಗ ಒಂದು ಗಳಿಗೆ ಎಲ್ಲವೂ ಆರಿ ಹತ್ತುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ಗೋಡೆಯ ಗಡಿಯಾರ ನೋಡಿ ಕೆಲಸ ಹಚ್ಚಿದ್ದೆ. ಆ ಗಡಿಯಾರ ಯಾವತ್ತೂ ಹತ್ತು ನಿಮಿಷ ಮುಂದೆ. ಬಸ್ಸು ತಪ್ಪಬಾರದೆಂದು ಮಾಸ್ತರರು ಹಾಗೆ ಇಟ್ಟಿದ್ದು, ಅದನ್ನು ನೋಡಿದವರೆಲ್ಲ ಮನಸ್ಸಿನಲ್ಲೇ ಹತ್ತು ಕಳೆಯುವುದು ರೂಢಿ. ಮುಳ್ಳು ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ನಾನೂ ಹತ್ತು ಕಳೆದು, ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲ, ಕೆಲಸ ಹನ್ನೆರಡು ನಿಮಿಷದ್ದು ಎಂದುಕೊಂಡೆ. ಆದರೆ ಹಿಂದಿನ ದಿನವಷ್ಟೇ ಸೆಲ್ಲು ಬದಲಿಸಿದ ಹೆಡ್‌ಮಾಸ್ತರರು ಗಡಿಯಾರಕ್ಕೆ ಸರಿಯಾದ ವೇಳೆಯನ್ನೇ ಇಟ್ಟುಬಿಟ್ಟಿದ್ದರು. ಫೋನು ಚೀಲದ ತಳದಲ್ಲಿತ್ತು. ಲ್ಯಾಪ್‌ಟಾಪು ಮನೆಯಲ್ಲೇ ಬಿಟ್ಟು ಬಂದಿದ್ದೆ, ಶಾಲೆಯ ಕಂಪ್ಯೂಟರಿನ ಯುಪಿಎಸ್ ಹೆಸರಿಗಷ್ಟೇ ಇತ್ತು. ಐಟಿಐಯಲ್ಲಿ ವರ್ಷಗಟ್ಟಲೆ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟವಳು ನಾನು, ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗಬಾರದು ಎಂದು ಅದೆಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಆ ಬೋರ್ಡಿನಲ್ಲಿ ಒಬ್ಬರ ದನಿ ಇತ್ತು. ಆ ಶಾಲೆಯ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುವ ಅಕ್ಕೋರ ದನಿ. ಮೊದಲು ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು, ನನ್ನನ್ನು ತಂಗಿ ಎಂದೇ ಕರೆದವರು. ಗಂಟಲಿನಲ್ಲಿ ಗಡ್ಡೆಯಾಗಿ, ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಹೈದರಾಬಾದಿನ ಡಾಕ್ಟರರು ಹೇಳಿದಾಗ ಅವರು ಮೊದಲು ಬಂದದ್ದು ನನ್ನ ಹತ್ತಿರ. ಹುಡುಗರ ಅಭ್ಯಾಸಕ್ಕೆಂದು ತರಿಸಿದ ಆಡಿಯೋ ಡೆವಲಪ್‌ಮೆಂಟ್ ಬೋರ್ಡು ಒಂದು ನನ್ನ ಬಳಿ ಇತ್ತು. ಮೈಕು, ಸ್ಪೀಕರಿಗೆ ಬೇಕಾದ ಚಿಪ್ಪು, ಒಳಗೇ ಒಂದಿಷ್ಟು ಮೆಮರಿ. ಅದಕ್ಕೆ ಹನ್ನೆರಡು ಗುಂಡಿ ಜೋಡಿಸಿ, ಸ್ಟೀಲಿನ ಊಟದ ಡಬ್ಬಿಯೊಂದಕ್ಕೆ ತೂತು ಕೊರೆದು ಕೂರಿಸಿದೆ. ಅವರು ಆಪರೇಶನ್ನಿಗೆ ಹೈದರಾಬಾದಿಗೆ ಹೋಗುವ ಮುಂಚೆ ಎರಡು ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಕೂತು ಹನ್ನೆರಡು ಮಾತು ತುಂಬಿಸಿಕೊಂಡೆವು. ಮೊದಲ ಗುಂಡಿ 'ಶಾಬಾಶ್'. ಎರಡನೆಯದು 'ಸುಮ್ಮ ಕೂಡ್ರಿ'. ಆಮೇಲೆ 'ಪಾಟಿ ತಗೀರಿ', 'ಯಾಕ ಅಳಾಕತ್ತಿ', 'ಇನ್ನೊಮ್ಮಿ ಹೇಳು', ಎರಡರ ಮಗ್ಗಿ, ಹೀಗೆ ಹನ್ನೊಂದು ಶಾಲೆಗೆ. ಹನ್ನೆರಡನೆಯದು ಮಾತ್ರ ಮನೆಗೆ, ಯಜಮಾನರನ್ನು ಕರೆಯಲು: 'ಚಾ ಆಗ್ಯಾದ ಬರ್ರಿ'.

ಯಾದಗಿರಿ ಸ್ಟೇಶನ್ನಿಗೆ ಕಳಿಸಲು ನಾನೂ ಹೋಗಿದ್ದೆ. ರೈಲು ಹೊರಟಾಗ ಕಿಟಕಿಯಿಂದ ಅಕ್ಕೋರು ನನಗೇನೋ ಹೇಳಿದರು. ಇಂಜಿನ್ನಿನ ಕೂಗಿನಲ್ಲಿ ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಅವರು ಬಾಯಿಂದ ನನಗೆ ಆಡಿದ ಕೊನೆಯ ಮಾತು ಅದು. ತಿರುಗಿ ಬಂದಾಗ ಕೊರಳಿಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡಿದ್ದರು, ಕೈಯಲ್ಲಿ ಮಕ್ಕಳ ಪಾಟಿ ಬಳಪ ಹಿಡಿದಿದ್ದರು. ಏನು ಹೇಳಿದ್ದಿರಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಆ ದನಿಯ ಇನ್ನೊಂದು ಪ್ರತಿ ಏಕೆ ಇರಲಿಲ್ಲವೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದನಿ ನೇರವಾಗಿ ಬೋರ್ಡಿನ ಮೈಕಿನಿಂದ ಅದರ ಮೆಮರಿಗೆ ಹೋಗಿತ್ತು. ಆಮೇಲೆ ಒಂದು ಪ್ರತಿ ತೆಗೆದಿಡುತ್ತೇನೆ ಎಂದಾಗ ಅಕ್ಕೋರ ಯಜಮಾನರು ಒಪ್ಪಲಿಲ್ಲ. "ಹೋದವ್ರದ್ದು ಹಂಗ ತಗದಿಡ್ತಾರವಾ ತಂಗಿ, ಇದ್ದವ್ರದ್ದಲ್ಲ," ಎಂದಿದ್ದರು. ಅವರ ಮನೆಯಲ್ಲಿ ಬದುಕಿದ್ದವರ ಫೋಟೋವನ್ನು ಗೋಡೆಗೂ ಹಾಕುವುದಿಲ್ಲ. ಓದಿದವಳು ನಾನು, ಇದೆಲ್ಲ ಏನು ಎನ್ನಬಹುದಿತ್ತು. ಆದರೆ ಅವರ ಮುಖ ನೋಡಿ ನನಗೂ ಹೌದೆನ್ನಿಸಿ ಸುಮ್ಮನಾದೆ.

ಗುಂಡಿ ಒತ್ತಿದ ಮೇಲೆ ಅರ್ಧ ಸೆಕೆಂಡು ತಡವಾಗಿ ದನಿ ಬರುತ್ತಿತ್ತು. ಅಷ್ಟರಲ್ಲಿ ಹುಡುಗರು ಇನ್ನೊಂದು ತಂಟೆ ಮುಗಿಸಿರುತ್ತಿದ್ದರು. ಹೊಸ ಫರ್ಮ್‌ವೇರಿನಲ್ಲಿ ಆ ತಡ ಇರುವುದಿಲ್ಲವೆಂದು ಓದಿದ್ದೆ. ಅಕ್ಕೋರು ಕೇಳಿರಲಿಲ್ಲ, ನಾನೇ ಮುಂದೆ ಬಿದ್ದು ಮಾಡಿಕೊಡುತ್ತೇನೆಂದಿದ್ದೆ.

ಆ ಶನಿವಾರ ಅಕ್ಕೋರು ಅಂಗಳದಲ್ಲಿ ಬಿಸಿಯೂಟದ ಪಾತ್ರೆ ಎಣಿಸಿ ಒಳಗೆ ಬಂದರು. ಡಬ್ಬಿಯ ಮೇಲಿನ ಕೆಂಪು ದೀಪ ಮಂಕಾಗಿ ಉರಿಯುತ್ತಿತ್ತು, ಯಾವ ಗುಂಡಿ ಒತ್ತಿದರೂ ಉಸಿರಿಲ್ಲ. ಪಾಟಿಯ ಮೇಲೆ 'ಆತೇನು?' ಎಂದು ಬರೆದು ತೋರಿಸಿದರು. ನಾನು ಬ್ಯಾಟರಿ ವೀಕಾಗಿದೆ, ಬುಧವಾರದೊಳಗೆ ಕೊಡುತ್ತೇನೆ ಎಂದು ಸುಳ್ಳು ಹೇಳಿದೆ. ಅವರು ತಲೆಯಾಡಿಸಿದರು. ಮಾತಾಡುವ ಈ ಪೆಟ್ಟಿಗೆ ಇದ್ದುದರಿಂದಲೇ ಒಂದನೇ ಇಯತ್ತೆ ಅವರ ಕೈಯಲ್ಲಿ ಉಳಿದಿತ್ತು. ಇಲ್ಲವಾದರೆ ಅದನ್ನು ಬೇರೆಯವರಿಗೆ ಕೊಟ್ಟು ಇವರನ್ನು ಆಫೀಸಿನ ಬರವಣಿಗೆಗೆ ಕೂರಿಸುತ್ತೇವೆಂದು ಹೆಡ್‌ಮಾಸ್ತರರು ಮೊದಲೇ ಹೇಳಿದ್ದರು, ಮೃದುವಾಗಿಯೇ ಹೇಳಿದ್ದರು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಭಾನುವಾರ ಮನೆಯಲ್ಲಿ ಕೂತು ಓದಿದೆ. ಬೋರ್ಡು ತಯಾರಿಸಿದವರ ಚರ್ಚೆಯ ಪುಟದಲ್ಲಿ ಇದೇ ರೋಗದ ಬಗ್ಗೆ ಹತ್ತಾರು ಜನ ಕೇಳಿದ್ದರು. ಎಲ್ಲರಿಗೂ ಒಂದೇ ಔಷಧ: ಮೆಮರಿ ಪೂರ್ತಿ ಅಳಿಸಿ, ಹೊಸದಾಗಿ ಬರೆಯಿರಿ, ಐದು ನಿಮಿಷದಲ್ಲಿ ಸರಿಯಾಗುತ್ತದೆ. ಸರಿಯಾಗುವುದೇನೋ ನಿಜ, ಬೋರ್ಡು ಸರಿಯಾಗುತ್ತದೆ. ಅಳಿಸುವ ಗುಂಡಿ ಪರದೆಯ ಮೇಲೆ ಕಿತ್ತಳೆ ಬಣ್ಣದಲ್ಲಿತ್ತು. ನಾನು ಮೌಸಿನ ಬಾಣವನ್ನು ಅದರಿಂದ ದೂರದ ಮೂಲೆಯಲ್ಲಿಟ್ಟು ಎದ್ದು ಹೋಗಿ ಮಾಳಿಗೆಯ ಮೇಲೆ ನಿಂತೆ. ಎದುರಿಗೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ, ಬಿಸಿಲಿನ ಝಳಕ್ಕೆ ನಡುಗುತ್ತಿತ್ತು. ಚಿಕ್ಕಂದಿನಿಂದ ಅದನ್ನು ನೋಡಿದಾಗಲೆಲ್ಲ ಆ ಎದೆ ಏರಿಳಿಯುತ್ತದೆಯೋ ಎಂದು ಕಾಯುವ ಚಟ ನನಗೆ. ಅಂದೂ ಬಹಳ ಹೊತ್ತು ಕಾದೆ.

ಬರೆಯುವ ಮುಂಚೆ ಓದಬೇಕು. ಒಳಗೆ ಏನು ಉಳಿದಿದೆಯೋ ಅದನ್ನು ಇದ್ದದ್ದು ಇದ್ದ ಹಾಗೆ ಹೊರಗೆ ತೆಗೆದುಕೊಳ್ಳಬೇಕು. ದಾರಿ ಗೊತ್ತಿತ್ತು: ಬೋರ್ಡಿನ ಬೂಟ್ ಗುಂಡಿಯನ್ನು ಒತ್ತಿ ಹಿಡಿದು, ರೀಸೆಟ್ ಗುಂಡಿ ಮುಟ್ಟಿ ಬಿಟ್ಟು, ಆಮೇಲೆ ಮೊದಲನೆಯದನ್ನು ಬಿಡಬೇಕು. ಆಗ ಅದು ತನ್ನ ಹಾಳಾದ ಆದೇಶಗಳನ್ನು ಕೇಳದೆ ಕಂಪ್ಯೂಟರ್ ಹೇಳಿದ್ದನ್ನಷ್ಟೇ ಕೇಳುತ್ತದೆ. ಹತ್ತು ಸಲ ಮಾಡಿದೆ. ಕಂಪ್ಯೂಟರಿಗೆ ಬೋರ್ಡು ಕಾಣಲೇ ಇಲ್ಲ. ಹನ್ನೊಂದನೆಯ ಸಲಕ್ಕೆ ಕೇಬಲ್ ಕಿತ್ತಿಟ್ಟೆ. ಸೋಮವಾರ ರಜೆ ಹಾಕಿ, ಲ್ಯಾಪ್‌ಟಾಪು ಡಬ್ಬಿ ಎರಡನ್ನೂ ಕಟ್ಟಿಕೊಂಡು ಸುರಪುರದ ಬಸ್ಸು ಹತ್ತಿದೆ.

ಸುರಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಉಸ್ತಾದರಿದ್ದಾರೆ. ಟೇಪ್‌ರೆಕಾರ್ಡರ್ ಕಾಲದಿಂದ ಅದೇ ಅಂಗಡಿ, ಅದೇ ಸ್ಟೂಲು. ನಮ್ಮ ಐಟಿಐ ಹುಡುಗರು ನನ್ನಲ್ಲಿ ಪಾಸಾಗಿ ಅವರಲ್ಲಿ ಕಲಿಯುತ್ತಾರೆ. ಕಥೆಯನ್ನೆಲ್ಲ ಕೇಳಿಸಿಕೊಂಡರು. ಚಿಪ್ಪನ್ನೇ ಬಿಸಿ ಗಾಳಿ ಹಾಕಿ ಬಿಚ್ಚಿ ಓದಿದರೆ ಹೇಗೆಂದು ನಾನು ಕೇಳಿದೆ. ಅವರು ಒಪ್ಪಲಿಲ್ಲ.

"ಅದು ಆಖರಿ ಕೆಲಸರಿ ಮೇಡಂ. ಬಿಸಿ ಹೆಚ್ಚಾತಂದ್ರ ಒಳಗಿಂದೆಲ್ಲ ಖಲ್ಲಾಸ್. ಮೊದ್ಲ ಹೊರಗಿಂದು ನೋಡೂಣು, ಜರಾ ಸಬರ್ ಮಾಡ್ರಿ."

ಮೊದಲು ನನ್ನ ಕೇಬಲ್ ತೆಗೆದು ಬೆರಳಲ್ಲಿ ಹೊಸೆದು ನೋಡಿ ಪಕ್ಕಕ್ಕೆಸೆದರು. ಅದು ಮನೆಯಲ್ಲಿದ್ದ ಬರೀ ಚಾರ್ಜಿಂಗ್ ಕೇಬಲ್, ಶನಿವಾರದ್ದು ಶಾಲೆಯಲ್ಲೇ ಉಳಿದಿತ್ತು. ಒಳಗೆ ಕರೆಂಟಿನ ಎರಡು ತಂತಿ ಮಾತ್ರ, ಮಾತು ಸಾಗಿಸುವ ತಂತಿಗಳೇ ಇಲ್ಲ. ಇಡೀ ಭಾನುವಾರ ನಾನು ಮೂಕ ಕೇಬಲ್ಲಿನೊಂದಿಗೆ ಹೋರಾಡಿದ್ದೆ. ಅವರು ಗೋಡೆಯ ಮೊಳೆಯಿಂದ ಬೇರೆಯದು ತೆಗೆದುಕೊಟ್ಟರು. ಒತ್ತಿ ಹಿಡಿದು, ಮುಟ್ಟಿ, ಬಿಟ್ಟೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಬೋರ್ಡಿನ ಗುರುತು ಮೂಡಿತು. ನನಗೆ ಅಳು ಬಂದಂತಾಗಿ ನೀರು ಕುಡಿದೆ.

ಓದಲು ಹಚ್ಚಿದೆ. ಸ್ವಲ್ಪ ಓಡಿ ನಿಂತುಹೋಯಿತು. ವೇಗ ಅರ್ಧಕ್ಕಿಳಿಸಿದೆ, ಇನ್ನಷ್ಟು ಓಡಿ ಮತ್ತೆ ನಿಂತಿತು. ಪ್ರತಿ ಸಲ ನಿಲ್ಲುವಾಗಲೂ ಸ್ಪೀಕರಿನಿಂದ 'ಟಪ್' ಎಂದು ಸಣ್ಣ ಸದ್ದು. ನಾನು ಪರದೆ ನೋಡುತ್ತಿದ್ದೆ, ಉಸ್ತಾದರು ಆ ಸದ್ದು ಕೇಳುತ್ತಿದ್ದರು. ಸ್ಪೀಕರಿಗೆ ಬಲ ಕೊಡುವ ಚಿಪ್ಪು ಆಗಾಗ ಎಚ್ಚರಾಗಿ ಕರೆಂಟು ಎಳೆಯುತ್ತಿದೆ, ಆಗ ಬೋರ್ಡಿಗೆ ಸಾಲದೆ ಪ್ರಜ್ಞೆ ತಪ್ಪುತ್ತಿದೆ ಎಂದರು. ಸ್ಪೀಕರಿನ ಎರಡು ತಂತಿ, ಆ ಚಿಪ್ಪಿಗೆ ಹೋಗುವ ಕರೆಂಟಿನ ಒಂದು ತಂತಿ, ಮೂರನ್ನೂ ಬೆಸುಗೆ ಕಾಯಿಸಿ ಬಿಚ್ಚಿದರು. ದನಿ ಸಿಗಬೇಕಾದರೆ ಮೊದಲು ಬಾಯಿ ಬಿಚ್ಚಿಡಬೇಕಾಯಿತು. ಬೋರ್ಡಿಗೆ ಬೇರೆ ಕಡೆಯಿಂದ ಗಟ್ಟಿಯಾಗಿ ಕರೆಂಟು ಕೊಟ್ಟು, ಎಲ್ಲಕ್ಕಿಂತ ನಿಧಾನದ ವೇಗದಲ್ಲಿ ಹಚ್ಚಿದೆ. ಇಪ್ಪತ್ತೈದು ನಿಮಿಷ ಎಂದು ತೋರಿಸಿತು.

ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ವೇಳೆಯಾಗಿ, ಅಂಗಡಿ ನೋಡಿಕೊಳ್ಳಿರೆಂದು ಹೇಳಿ ಉಸ್ತಾದರು ಹೋದರು. ರಸ್ತೆಯಲ್ಲಿ ಜನವಿರಲಿಲ್ಲ. ಒಂದು ಆಡು ಅಂಗಡಿಯ ಮೆಟ್ಟಿಲ ಮೇಲೆ ಬಂದು ಮಲಗಿತು. ಅಂಕೆಗಳು ಒಂದೊಂದಾಗಿ ಏರುತ್ತಿದ್ದವು. ಅವುಗಳ ಹಿಂದೆ ಹೋಗುತ್ತ ಹೋಗುತ್ತ ನನಗೆ ಜೊಂಪು ಹತ್ತಿತು. ಯಾದಗಿರಿಯ ಪ್ಲಾಟ್‌ಫಾರಂ ಬಂತು. ರೈಲು ಹೋಗುತ್ತಲೇ ಇದೆ, ಎಷ್ಟು ಹೋದರೂ ಅಕ್ಕೋರ ಕಿಟಕಿ ನನ್ನ ಎದುರಿಗೇ ಇದೆ, ತುಟಿ ಆಡುತ್ತಿದೆ. ನಾನು ಕಿವಿಯಿಟ್ಟು ಕೇಳುತ್ತೇನೆ. ನನ್ನ ಕಿವಿಗೆ ಮೂಕ ಕೇಬಲ್ ಜೋಡಿಸಿದೆ. ಎಚ್ಚರಾದಾಗ ಆಡು ನನ್ನನ್ನೇ ನೋಡುತ್ತಿತ್ತು, ಪರದೆಯ ಮೇಲೆ ಓದು ಪೂರ್ತಿಯಾಗಿತ್ತು.

ಒಂದು ಓದನ್ನು ನಂಬಬಾರದು. ಇನ್ನೊಮ್ಮೆ ಹಚ್ಚಿ ಮತ್ತೆ ಇಪ್ಪತ್ತೈದು ನಿಮಿಷ ಕೂತೆ. ಎರಡೂ ಪ್ರತಿಗಳನ್ನು ಅಕ್ಷರಕ್ಕಕ್ಷರ ಹೋಲಿಸಿದರೆ ಎಲ್ಲೂ ಬೇರೆಯಿರಲಿಲ್ಲ. ಈಗ ಆ ಫೈಲನ್ನೇ ದನಿಯೆಂದು ನುಡಿಸಿದೆ. ಮೊದಲು ಒಗ್ಗರಣೆ ಸಿಡಿದಂತೆ ಚರ್ರೆಂದಿತು. ಅದು ಫರ್ಮ್‌ವೇರ್. ಚರ್ರೆನ್ನುವುದು ಬಹಳ ಹೊತ್ತು ನಡೆಯಿತು, ನಡೆಯಬಾರದಷ್ಟು ಹೊತ್ತು. ಆಮೇಲೆ ಒಮ್ಮೆಲೇ, ಅಂಗಡಿಯ ಆ ಬಿಸಿಲಿನಲ್ಲಿ, 'ಸುಮ್ಮ ಕೂಡ್ರಿ' ಎಂದರು ಅಕ್ಕೋರು. ತಿರುಗಿ ಬಂದು ಬಾಗಿಲಲ್ಲಿ ನಿಂತಿದ್ದ ಉಸ್ತಾದರು ಸುಮ್ಮನೆ ಕೂತುಬಿಟ್ಟರು.

ನಾನು ನಿಲ್ಲಿಸಿದೆ. ಮುಂದಿನದನ್ನು ಕೇಳುವ ಹಕ್ಕು ಮೊದಲು ಅಕ್ಕೋರದ್ದು ಎನ್ನಿಸಿತು. ಆದರೆ ಪರದೆಯ ಮೇಲಿನ ದನಿಯ ಗೆರೆ ನೋಡಿ ಆಗಿದ್ದೇನೆಂದು ಅಷ್ಟರಲ್ಲೇ ತಿಳಿದಿತ್ತು. ಹೊಸ ಫರ್ಮ್‌ವೇರ್ ಹಳೆಯದಕ್ಕಿಂತ ದೊಡ್ಡದು. ಅದು ದನಿಗಳಿದ್ದ ಜಾಗಕ್ಕೆ ಸ್ವಲ್ಪ ಕಾಲು ಚಾಚಿ, ಎಲ್ಲಕ್ಕಿಂತ ಮೊದಲು ತುಂಬಿಸಿದ ಮಾತನ್ನು ತುಳಿದಿತ್ತು. 'ಶಾಬಾಶ್' ಹೋಗಿತ್ತು. ಯಾವ ಮಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಪಟ್ಟಿಯೂ ಹೋಗಿತ್ತು. ಉಳಿದ ಮಾತುಗಳು ಒಂದರ ಬೆನ್ನಿಗೊಂದು ಒಂದೇ ಸರವಾಗಿ ಉಳಿದಿದ್ದವು, ಅದೂ ನನ್ನ ಸೋಮಾರಿತನದಿಂದ. ಅಚ್ಚುಕಟ್ಟಾಗಿ ಬರೆಯುವ ಬದಲು ಬಂದದ್ದನ್ನು ಬಂದ ಹಾಗೆ ಸಾಲಾಗಿ ಬರೆದುಕೊಂಡು ಹೋಗುವ ಪ್ರೋಗ್ರಾಂ ಮಾಡಿದ್ದೆ.

ಉಸ್ತಾದರು ಒಂದು ದಾರಿ ಹೇಳಿದರು. ಈಗ ಯಾರದೇ ಮಾತಿನ ತುಣುಕು ಕೊಟ್ಟರೂ ಕಂಪ್ಯೂಟರು ಅದೇ ದನಿಯಲ್ಲಿ ಬೇಕಾದ್ದನ್ನು ನುಡಿಸುತ್ತದಂತೆ. ಹನ್ನೊಂದು ಮಾತು ಇವೆಯಲ್ಲ, ಶಾಬಾಶ್ ಒಂದನ್ನು ಮಾಡಿಸಿಬಿಡಿ, ಅವರಿಗೆ ಗೊತ್ತೇ ಆಗುವುದಿಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೂ ಆಸೆಯಾಯಿತು. ಅದನ್ನು ಆಮೇಲಕ್ಕಿಟ್ಟು, ದನಿಯ ಪ್ರತಿ ಈಗ ಲ್ಯಾಪ್‌ಟಾಪಿನಲ್ಲಿದ್ದುದರಿಂದ ಬೋರ್ಡಿನ ಮೆಮರಿ ಅಳಿಸಿ, ಹೊಸ ಫರ್ಮ್‌ವೇರ್ ಹೊಸದಾಗಿ ಬರೆದು, ಬಿಚ್ಚಿದ ತಂತಿಗಳನ್ನು ಮತ್ತೆ ಬೆಸೆದು, ಬರೀ ಬೀಪ್ ಸದ್ದಿನಿಂದ ಹನ್ನೆರಡೂ ಗುಂಡಿ ಪರೀಕ್ಷಿಸಿದೆ. ತಡವಿಲ್ಲದೆ ಉಲಿಯಿತು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಕಾಲುವೆ ನೀರಿನ ಗದ್ದೆಗಳು ಹಸಿರು ಹಸಿರಾಗಿ ಹಿಂದೆ ಸರಿಯುತ್ತಿದ್ದವು. ಒಂದೇ ಒಂದು ಪದ, ಅವರಿಗೆ ಗೊತ್ತಾಗುವುದಿಲ್ಲ ಎಂದು ಅರ್ಧ ದಾರಿಯವರೆಗೆ ಹೇಳಿಕೊಂಡೆ. ಉಳಿದರ್ಧದಲ್ಲಿ ಬೇರೆಯೇ ಕಾಣಿಸಿತು: ಅಕ್ಕೋರು ಗುಂಡಿ ಒತ್ತುತ್ತಾರೆ, ಅವರು ಎಂದೂ ಆಡದ ಶಾಬಾಶ್ ಮಕ್ಕಳ ತಲೆಯ ಮೇಲೆ ಬೀಳುತ್ತದೆ, ಅದು ಸುಳ್ಳೆಂದು ಆ ಊರಿನಲ್ಲಿ ಗೊತ್ತಿರುವವಳು ನಾನೊಬ್ಬಳೇ. ಒಬ್ಬರ ದನಿ ಕಳೆದದ್ದು ತಪ್ಪು, ಅವರ ಬಾಯಲ್ಲಿ ಬೇರೆ ದನಿ ಇಡುವುದು ಅದಕ್ಕಿಂತ ದೊಡ್ಡ ತಪ್ಪು. ಶಹಾಪುರ ಬರುವಷ್ಟರಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಮರುದಿನ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಯಜಮಾನರು ಅಡುಗೆಮನೆಯಲ್ಲಿದ್ದರು. ಪೆಟ್ಟಿಗೆ ಹೋದಾಗಿನಿಂದ ಚಹಾ ಅವರೇ ಮಾಡುತ್ತಿದ್ದರು, ಕರೆಯುವವರಿಲ್ಲವಲ್ಲ. ನಾನು ಪಡಸಾಲೆಯಲ್ಲಿ ಕೂತು, ಮಾತು ಜಾರಿಹೋಗುವ ಮುಂಚೆ ಹೇಳಿಬಿಟ್ಟೆ.

"ಅಕ್ಕೋರ, ಬ್ಯಾಟರಿ ಕೆಟ್ಟಿರಲಿಲ್ರಿ. ನಾನ ಕೆಡಿಸೇನಿ. ನಿಮ್ಮ ಶಾಬಾಶ್ ಹೋಗ್ಯಾದ."

ಅವರು ಮುಖ ತಿರುಗಿಸಿ ಗೋಡೆಯ ಕಡೆ ನೋಡುತ್ತ ಕೂತರು. ಕೊರಳಿನ ಬಟ್ಟೆ ಉಸಿರಿಗೆ ಮೇಲೆ ಕೆಳಗೆ ಆಡುತ್ತಿತ್ತು. ಸಿಟ್ಟು ಮಾಡಲಿ, ಬೈಯಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ಬೈಯಲು ಇದ್ದ ದನಿಯನ್ನೂ ನಾನೇ ಹಾಳು ಮಾಡಿದ್ದೆ. ಕೊನೆಗೆ ಬಳಪ ತೆಗೆದುಕೊಂಡು ಬರೆದರು: 'ಎಷ್ಟ ಉಳದಾವ?' ಹನ್ನೊಂದು ಎಂದೆ. ಒರೆಸಿ ಮತ್ತೆ ಬರೆದರು: 'ಹಂಗಾರ ಹಚ್ಚು.'

ಹಚ್ಚಿದೆ. ಒಂದೊಂದು ಮಾತು ಬಂದಾಗಲೂ ಅದು ಯಾವ ಗುಂಡಿಯದೆಂದು ಅವರು ಬೆರಳೆತ್ತಿ ತೋರಿಸುತ್ತಿದ್ದರು, ನಾನು ಅಲ್ಲಿಗೆ ಕತ್ತರಿಸಿ ಅಂಕೆ ಹಾಕುತ್ತಿದ್ದೆ. ತಮ್ಮ ದನಿಯ ಜೊತೆಗೇ ಅವರ ತುಟಿಯೂ ಆಡುತ್ತಿತ್ತು. ಎರಡರ ಮಗ್ಗಿ ಬಂದಾಗ ಕಣ್ಣು ಮುಚ್ಚಿಕೊಂಡರು. ಎರಡೊಂದ್ಲ ಎರಡು, ಎರಡೆರಡ್ಲ ನಾಕು ಎಂದು ದನಿ ತೂಗುತ್ತ ಹೋಯಿತು. ಬಾಗಿಲಿನ ಬಿಸಿಲು ನೆಲದ ಮೇಲೆ ಒಂದು ಹಾಸುಗಲ್ಲು ದಾಟಿತು. ಯಾರಿಗೂ ಯಾವ ಅವಸರವೂ ಇಲ್ಲವೆನ್ನಿಸಿತು, ಅದು ಮುಗಿಯದಿದ್ದರೆ ಸಾಕಿತ್ತು.

ಹನ್ನೊಂದನೆಯ ಗುಂಡಿಯದು ಮುಗಿದು ಹನ್ನೆರಡನೆಯದು ಬಂತು. 'ಚಾ ಆಗ್ಯಾದ ಬ...' ಎಂದ ದನಿ ನಡುವೆಯೇ ಕಡಿದು ದೊಡ್ಡ ನಗೆಯಾಯಿತು. ದೂರದಿಂದ ಯಜಮಾನರ ದನಿ, "ಎಲ್ಲದ?" ಆಗ ನೆನಪಾಯಿತು. ಅವತ್ತು ತುಂಬಿಸುವಾಗ ಇವರು ಖರೆಯೆಂದುಕೊಂಡು ಒಳಗಿನಿಂದ ಎದ್ದು ಬಂದಿದ್ದರು. ನಗೆ ಸೇರಿತೆಂದು ಆ ಮಾತನ್ನು ಬಿಟ್ಟು ಇನ್ನೊಮ್ಮೆ ತುಂಬಿಸಿದ್ದೆವು. ಬಿಟ್ಟದ್ದನ್ನು ನನ್ನ ಸೋಮಾರಿ ಪ್ರೋಗ್ರಾಂ ಅಳಿಸಿರಲಿಲ್ಲ, ಅದರ ಮುಂದಿನ ಜಾಗದಲ್ಲಿ ಹೊಸದನ್ನು ಬರೆದು ಸುಮ್ಮನಾಗಿತ್ತು. ಆ ಬಿಟ್ಟ ತುಣುಕಿನಲ್ಲಿ, ಅವತ್ತು ನಿಲ್ಲಿಸಲು ಮರೆತ ಮೈಕು ಇನ್ನೂ ಓಡುತ್ತಿತ್ತು. ನನ್ನ ನಗುವ ದನಿ, ಇದೊಂದಾದರೆ ಎಲ್ಲ ಮುಗಿಯಿತೆಂದು ಹೇಳುತ್ತಿತ್ತು. ಅದರ ಹಿಂದೆಯೇ ಅಕ್ಕೋರ ದನಿ, ನಗೆ ಇನ್ನೂ ಆರಿರಲಿಲ್ಲ:

"ಶಾಬಾಶ್ ತಂಗೀ."

ನಾನು ಯಂತ್ರ ನಿಲ್ಲಿಸಿದೆ. ಪೂರ್ತಿ ಅಳಿಸಿ ಎಂದಿದ್ದ ಆ ಕಿತ್ತಳೆ ಗುಂಡಿ ಕಣ್ಣ ಮುಂದೆ ಬಂತು. ಅಡುಗೆಮನೆಯ ಬಾಗಿಲಲ್ಲಿ ಯಜಮಾನರು ಚಹಾದ ಪಾತ್ರೆ ಹಿಡಿದುಕೊಂಡು ನಿಂತಿದ್ದರು. ಕರೆದರೆಂದು ಎರಡನೆಯ ಸಲವೂ ಬಂದಿದ್ದರು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಆ ಶಾಬಾಶ್ ನನಗೆ ಸಿಕ್ಕಿದ್ದು ಒಳ್ಳೆಯ ಕೆಲಸ ಮಾಡಿದ ದಿನ. ಕೇಳಿಸಿದ್ದು ಎಲ್ಲ ಕೆಡಿಸಿದ ಮೇಲೆ.

ಮೂಗು ಒರೆಸಿಕೊಂಡು, ತಂಗೀ ಎಂಬುದನ್ನು ಕತ್ತರಿಸಿ ಶಾಬಾಶ್ ಮಾತ್ರ ಮೊದಲ ಗುಂಡಿಗೆ ಹಾಕುತ್ತೇನೆ, ತರಗತಿಯಲ್ಲಿ ಗಂಡುಹುಡುಗರೂ ಇದ್ದಾರಲ್ಲ ಎಂದೆ. ಅಕ್ಕೋರು ಪಾಟಿಯ ತುಂಬ ದಪ್ಪಗೆ ಬರೆದರು: 'ಬ್ಯಾಡ. ಇದ್ದಂಗ ಇರ್ಲಿ.' ಯಜಮಾನರು ಚಹಾ ಬಸಿದು ಮುಂದಿಟ್ಟರು. ಆಮೇಲೆ ನನ್ನ ಕಡೆ ನೋಡದೆ, "ಇನ್ನೊಂದು ಪ್ರತಿ ತಗದಿಡವಾ ತಂಗಿ. ನನ್ನ ಫೋನಿನ್ಯಾಗೂ ಒಂದು ಹಾಕು," ಎಂದರು.

ಬುಧವಾರ ಶಾಲೆಗೆ ಹೋಗಿ ತರಗತಿಯ ಬಾಗಿಲಲ್ಲಿ ನಿಂತೆ. ಪೆಟ್ಟಿಗೆ ಮೇಜಿನ ಮೇಲಿತ್ತು. ಒಬ್ಬ ಹುಡುಗ ಲೆಕ್ಕ ಸರಿ ಮಾಡಿ ತಂದ. ಅಕ್ಕೋರು ಮೊದಲ ಗುಂಡಿ ಒತ್ತಿದರು. 'ಶಾಬಾಶ್ ತಂಗೀ.' ತರಗತಿಯೆಲ್ಲ ನಕ್ಕಿತು, ಹುಡುಗನ ಮುಖ ಸಣ್ಣದಾಯಿತು. ಅಕ್ಕೋರು ಅವನ ತಲೆಯ ಮೇಲೆ ಕೈಯಿಟ್ಟು ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದರು. ಬಾಗಿಲಲ್ಲಿದ್ದ ನಾನು ಎರಡು ಸಲವೂ ಕರೆದಂತಾಗಿ ತಿರುಗಿದೆ. ಕತ್ತರಿಸಬೇಕಿತ್ತು ಎಂದುಕೊಂಡು ಊರಿಗೆ ಬಂದೆ.

ಹದಿನೈದು ದಿನ ಬಿಟ್ಟು ಬ್ಯಾಟರಿ ನೋಡಲು ಮತ್ತೆ ಹೋಗಿದ್ದೆ. ಈ ಸಲ ಯಾರೂ ನಗುತ್ತಿರಲಿಲ್ಲ. ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ಪಾಟಿ ತೋರಿಸಿ, ತಮ್ಮ ಪಾಲಿನದನ್ನು ಕೇಳಿಸಿಕೊಂಡು ಹೋಗುತ್ತಿದ್ದರು. ಕೊನೆಯಲ್ಲಿ ಅದೇ ಹುಡುಗ. ಅಕ್ಕೋರು ನನ್ನನ್ನು ನೋಡಿ ಗುಂಡಿ ಒತ್ತುವುದನ್ನು ಮರೆತು ಎದ್ದು ಬಂದರು. ಅವನು ಪಾಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಹಿಂದೆಯೇ ಬಂದು ಸೆರಗು ಜಗ್ಗಿದ.

"ಅಕ್ಕೋರ, ನಂದೂ ಸರಿ ಅದರಿ. ನನಗ್ಯಾಕ ತಂಗೀ ಅನ್ನವಲ್ರಿ?"